ಕೈಗೆಟುಕದ ನೆಲ

ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರ ಡಿಸೆಂಬರ್ 14ರಂದು ಮುಂದೆ ಅಯ್ಯಂಗಾರರೆಂದು ಹೆಸರಾದ ಸುಂದರರಾಜ ಹುಟ್ಟಿದಾಗ ಊರೂರಿಗೆ ಇನ್‌ಫ್ಲುಯೆಂಜಾ ಬಡಿದಿತ್ತು. ತಾಯಿ ಶೇಷಮ್ಮನವರೂ ಹಾಸಿಗೆ ಹಿಡಿದಿದ್ದರು. ಮಗುವಿಗೆ ಕಡ್ಡಿಯಂಥ ಕೈಕಾಲು, ಉಬ್ಬಿದ ಹೊಟ್ಟೆ, ನೆಟ್ಟಗೆ ನಿಲ್ಲದಷ್ಟು ಭಾರದ ತಲೆ. ಮೇಷ್ಟರಾಗಿದ್ದ ತಂದೆ ತೀರಿಕೊಂಡಾಗ ಹುಡುಗನಿಗೆ ಒಂಬತ್ತು ವರ್ಷ. ಮಲೇರಿಯಾ, ಟೈಫಾಯ್ಡ್, ಕ್ಷಯ ಒಂದಾದ ಮೇಲೊಂದು ಬಂದು ಹೋದವು.

1934ರಲ್ಲಿ ಅಕ್ಕ ನಾಮಗಿರಿಯಮ್ಮನ ಗಂಡ ಲೋನಾವಳಕ್ಕೆ ಹೊರಟರು. ತಾವು ಬರುವತನಕ ಹೆಂಡತಿಗೆ ಜೊತೆಯಿರಲಿ ಎಂದು ಹುಡುಗನನ್ನು ಮೈಸೂರಿಗೆ ಕರೆಸಿದರು. ಆ ಭಾವ ಬೇರೆ ಯಾರೂ ಅಲ್ಲ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿದ್ದ ಯೋಗಗುರು ತಿರುಮಲೈ ಕೃಷ್ಣಮಾಚಾರ್ಯರು. ಕೆಲವು ದಿನಕ್ಕೆಂದು ಬಂದವನು ಅಲ್ಲೇ ಉಳಿದ. ಬಗ್ಗಿದರೆ ಬೆರಳು ಮೊಣಕಾಲು ದಾಟದ ಮೈ. ಗುರುಗಳಿಗೆ ಅವನ ಮೇಲೆ ಯಾವ ಭರವಸೆಯೂ ಇರಲಿಲ್ಲ. ದೊಡ್ಡ ಪ್ರದರ್ಶನವೊಂದಕ್ಕೆ ಕೆಲವೇ ದಿನ ಉಳಿದಿರುವಾಗ ನೆಚ್ಚಿನ ಶಿಷ್ಯ ಹೇಳದೆ ಕೇಳದೆ ಓಡಿಹೋದ. ಆಗ ಅನಿವಾರ್ಯವಾಗಿ ಗುರುಗಳ ಕಣ್ಣು ಇವನ ಮೇಲೆ ಬಿತ್ತು.

ಒಮ್ಮೆ ಗಣ್ಯರೊಬ್ಬರ ಮುಂದೆ ಹನುಮಾನಾಸನ ಹಾಕು ಎಂಬ ಅಪ್ಪಣೆಯಾಯಿತು. ಒಂದು ಕಾಲು ಮುಂದಕ್ಕೆ, ಒಂದು ಹಿಂದಕ್ಕೆ, ನಡು ನೆಲಕ್ಕೆ. ಹುಡುಗ ಅದನ್ನು ಕಲಿತೇ ಇರಲಿಲ್ಲ. ಚಡ್ಡಿ ಬಿಗಿ, ಕಾಲು ಅಗಲಿಸಲಾಗದು ಎಂದು ನೆಪ ಹೂಡಿದ. ಗುರುಗಳು ಕತ್ತರಿ ತರಿಸಿ ಚಡ್ಡಿಯನ್ನೇ ಸೀಳಿಸಿದರು! ಇನ್ನು ಹೇಳುವುದಕ್ಕೇನೂ ಉಳಿಯಲಿಲ್ಲ. ಆಸನವೇನೋ ಆಯಿತು, ಆದರೆ ತೊಡೆಯ ಹಿಂದಿನ ಸ್ನಾಯು ಹರಿಯಿತು. ಬಹುಕಾಲ ಸರಿಯಾಗಿ ನಡೆಯಲೂ ಆಗಲಿಲ್ಲ. ಹೀಗೆ ಮಾಡು ಎಂದವರಿದ್ದರು. ಹೇಗೆ ಮಾಡಬೇಕು ಎಂದು ಬಿಡಿಸಿ ಹೇಳಿದವರಿರಲಿಲ್ಲ. ಮುಂದಿನ ಕತೆಯೆಲ್ಲ ಈ ನೋವಿನಿಂದಲೇ ಹುಟ್ಟಿತೆಂದರೆ ತಪ್ಪಾಗದು.

1936ರಲ್ಲಿ ಗುರುಗಳ ಪರಿವಾರ ಉತ್ತರ ಕರ್ನಾಟಕ ಸುತ್ತಿತು. ಧಾರವಾಡದ ಹೆಂಗಸರು ತಮಗೂ ಯೋಗ ಕಲಿಸಿ ಎಂದರು. ಶಿಷ್ಯರಲ್ಲಿ ಎಲ್ಲರಿಗಿಂತ ಚಿಕ್ಕವನೆಂಬ ಒಂದೇ ಕಾರಣಕ್ಕೆ ಸುಂದರರಾಜ ಮೇಷ್ಟರಾದ. ಅದೇ ಸುಮಾರಿಗೆ ಅವನ ಪ್ರದರ್ಶನ ಕಂಡಿದ್ದ ಬೆಳಗಾವಿಯ ಸಿವಿಲ್ ಸರ್ಜನ್ ಡಾ. ವಿ. ಬಿ. ಗೋಖಲೆ ನಿವೃತ್ತರಾಗಿ ಪುಣೆ ಸೇರಿದರು, ಹುಡುಗನನ್ನು ಅಲ್ಲಿಗೆ ಕರೆಸಿದರು. 1937ರಲ್ಲಿ ಡೆಕ್ಕನ್ ಜಿಮ್ಖಾನಾದಲ್ಲಿ ಆರು ತಿಂಗಳ ಕೆಲಸ ಸಿಕ್ಕಿತು.

ಮರಾಠಿ ಬಾರದು, ಇಂಗ್ಲಿಷ್ ಅಷ್ಟಕ್ಕಷ್ಟೆ, ತಲೆಯಲ್ಲಿ ಜುಟ್ಟು. ಎದುರಿಗೆ ಇವನಿಗಿಂತ ಗಟ್ಟಿಮುಟ್ಟಾದ ಕಾಲೇಜು ಹುಡುಗರು. ಅವರು ಕೇಳಿದ ಪ್ರಶ್ನೆಗಳಿಗೆ ಅವನ ಬಳಿ ಉತ್ತರವಿರಲಿಲ್ಲ. ಉತ್ತರ ಹುಡುಕಲು ಇದ್ದ ಪ್ರಯೋಗಶಾಲೆ ತನ್ನ ಮೈ ಒಂದೇ. ದಿನಕ್ಕೆ ಗಂಟೆಗಟ್ಟಲೆ ಅಭ್ಯಾಸ ಮಾಡಿದ. ತಪ್ಪಿದ, ನೊಂದ, ಮತ್ತೆ ಹಾಕಿದ. ಆರು ತಿಂಗಳು ಮೂರು ವರ್ಷವಾಯಿತು. ಆಮೇಲೆ ಆ ಕೆಲಸವೂ ಹೋಯಿತು. ಸೈಕಲ್ ತುಳಿದು ಮನೆಪಾಠ ಹೇಳುತ್ತ ಹೊಟ್ಟೆ ಹೊರೆದ. ನೀರು ಕುಡಿದೇ ಕಳೆದ ದಿನಗಳೂ ಇದ್ದವು.

ರಸ್ತೆ ಕೆಲಸಕ್ಕೆಂದು ಬದಿಯಲ್ಲಿ ಬಿದ್ದಿದ್ದ ಇಟ್ಟಿಗೆ, ಕಲ್ಲು, ರೋಲರ್ ಅವನ ಕಣ್ಣಿಗೆ ಬಿದ್ದದ್ದು ಈ ಹುಡುಕಾಟದಲ್ಲೇ. ತ್ರಿಕೋನಾಸನದಲ್ಲಿ ನೆಲ ಮುಟ್ಟಲು ಹೋದರೆ ಮಂಡಿ ಬಾಗುತ್ತಿತ್ತು, ಎದೆ ಕೆಳಕ್ಕೆ ಮಗುಚುತ್ತಿತ್ತು. ಪಾದದ ಪಕ್ಕ ಇಟ್ಟಿಗೆ ನಿಲ್ಲಿಸಿ ಅಂಗೈ ಊರಿದರೆ ಕಾಲು ನೆಟ್ಟಗಾಗುತ್ತಿತ್ತು, ಎದೆ ತಾನಾಗಿ ಮೇಲಕ್ಕೆ ತಿರುಗುತ್ತಿತ್ತು. ಇಟ್ಟಿಗೆಯ ಹಿಂದೆಯೇ ಹಗ್ಗ, ಪಟ್ಟಿ, ಕುರ್ಚಿ, ಬೆಂಚುಗಳೂ ಬಂದವು.

1943ರಲ್ಲಿ ರಮಾಮಣಿಯವರೊಡನೆ ಮದುವೆಯಾಯಿತು. ಯೋಗದ ಗಂಧವೇ ಇಲ್ಲದ ಹೆಂಡತಿಗೆ ತಮ್ಮ ಭಂಗಿಯ ತಪ್ಪು ಹಿಡಿಯುವುದನ್ನು ಕಲಿಸಿ ಅವರನ್ನೇ ಪರೀಕ್ಷಕರನ್ನಾಗಿ ಮಾಡಿಕೊಂಡರು ಅಯ್ಯಂಗಾರರು. ಪ್ರಾಣಾಯಾಮ ಮಾತ್ರ ಸುಲಭಕ್ಕೆ ಒಲಿಯಲಿಲ್ಲ. ನಸುಕಿನಲ್ಲೇ ಎದ್ದು ಹೆಂಡತಿಯೊಡನೆ ಕಾಫಿ ಕುಡಿದು ಕೂರುತ್ತಿದ್ದರು; ಉಸಿರು ಕಟ್ಟಿದಂತಾಗಿ ಎಷ್ಟೋ ದಿನ ಮತ್ತೆ ಮಲಗುತ್ತಿದ್ದರು. ಇಷ್ಟಾದರೂ ಮರುದಿನ ಎದ್ದೇ ಏಳುತ್ತಿದ್ದರು.

1952ರಲ್ಲಿ ಮುಂಬೈಯಲ್ಲಿ ಪಿಟೀಲು ವಾದಕ ಯೆಹೂದಿ ಮೆನುಹಿನ್ ಸಿಕ್ಕಿದರು. ಅವರಿಂದ ಅಯ್ಯಂಗಾರರ ಹೆಸರು ಕಡಲು ದಾಟಿತು. 1966ರಲ್ಲಿ ಅಯ್ಯಂಗಾರರ ಪುಸ್ತಕ ‘ಲೈಟ್ ಆನ್ ಯೋಗ’ ಬಂತು. 1973ರಲ್ಲಿ ರಮಾಮಣಿಯವರು ತೀರಿಕೊಂಡರು. ಅವರ ಹೆಸರಿನ ಸಂಸ್ಥೆ 1975ರ ಜನವರಿ 19ರಂದು ಪುಣೆಯಲ್ಲಿ ಬಾಗಿಲು ತೆರೆಯಿತು. ಆಮೇಲೆ 1979ರಲ್ಲಿ, ಅರವತ್ತು ದಾಟಿದ ಮೇಲೆ, ಸ್ಕೂಟರ್ ಅಪಘಾತ, ಚೇತರಿಸಿಕೊಳ್ಳುವಷ್ಟರಲ್ಲಿ ಇನ್ನೊಂದು. ಭುಜ, ಬೆನ್ನು, ಮಂಡಿ ಎಲ್ಲಕ್ಕೂ ಪೆಟ್ಟು. ಬೇರೆಯವರಿಗೆಂದು ಮಾಡಿಟ್ಟ ಸಲಕರಣೆಗಳನ್ನು ಹಿಡಿದು ಅಯ್ಯಂಗಾರರೇ ಮತ್ತೆ ಒಂದನೆಯ ತರಗತಿಗೆ ಕೂತರು.

ಕೊನೆಗೆ ಬಿಡಿಸಿಕೊಂಡ ಗುಟ್ಟು ಬಹಳ ಸರಳ. ತೊಡೆಯ ಹಿಂದಿನ ಸ್ನಾಯು ಬಿಗಿದಿದ್ದರೆ ಅದು ಸೊಂಟದ ಮೂಳೆಯನ್ನು ಜಗ್ಗುತ್ತದೆ, ಸೊಂಟದ ಜೊತೆ ಬೆನ್ನು ಬಾಗುತ್ತದೆ, ಪಕ್ಕೆ ಕುಗ್ಗಿ ಉಸಿರಿಗೆ ಜಾಗವಿಲ್ಲದಾಗುತ್ತದೆ. ಕೈಯನ್ನು ನೆಲಕ್ಕೆ ಎಳೆಯುವ ಬದಲು ನೆಲವನ್ನೇ ಕೈಗೆ ಎತ್ತಿಕೊಟ್ಟರೆ ಮೂಳೆ ತನ್ನ ಜಾಗದಲ್ಲಿ ನಿಲ್ಲುತ್ತದೆ, ಭಂಗಿಯಲ್ಲಿ ಹೊತ್ತು ಕಳೆಯಬಹುದು, ಒದ್ದಾಟ ಸಣ್ಣಗೆ ಕರಗುತ್ತದೆ. ಯೋಗಸೂತ್ರಗಳಲ್ಲಿ ಪತಂಜಲಿ ಆಸನಕ್ಕೆಂದು ಕೊಟ್ಟದ್ದು ಮೂರೇ ಸೂತ್ರ. ಸ್ಥಿರತೆ, ಸುಖ, ಪ್ರಯತ್ನ ಸಡಿಲುವುದು ಅವುಗಳ ಮಾತು. ಬೇರೆಯವರು ವ್ಯಾಖ್ಯಾನದಿಂದ ಅಲ್ಲಿಗೆ ಹೋದರು, ಇವರು ತೊಡೆಯ ನೋವಿನಿಂದ ಹೋದರು.

ಅಯ್ಯಂಗಾರರು 2014ರ ಆಗಸ್ಟ್ 20ರಂದು ಪುಣೆಯಲ್ಲೇ ತೀರಿಕೊಂಡರು. ಆಗ ಅವರಿಗೆ 95 ವರ್ಷ. ಮಾಡೆಲ್ ಕಾಲೊನಿಯಲ್ಲಿರುವ, ರಮಾಮಣಿಯವರ ಹೆಸರಿನ ಆ ಸಂಸ್ಥೆ ಇಂದಿಗೂ ನಡೆಯುತ್ತಿದೆ. ಇಟ್ಟಿಗೆ ಮಾತ್ರ ಈಗ ಮರದ್ದು.