ಪಾರ್ಕಲ್ಲಿ ವಿದ್ಯಾರ್ಥಿಯೊಬ್ಬರು ‘ಆರು ನಿಮಿಷ ನಡೀತೀರಾ?’ ಅಂತ ಕೇಳಿದ್ರೆ ಏನ್ ಹೇಳ್ತೀರಿ? ಗೊಟ್ಟಿಗೆರೆಯವರು ತಿಳ್ಕೊಂಡಿರಬೇಕಾದ ವಿಷಯ

ಗೊಟ್ಟಿಗೆರೆ: ಹೀಗೊಂದು ಸನ್ನಿವೇಶ ಊಹಿಸ್ಕೊಳ್ಳಿ. ಬೆಳಗ್ಗೆ ಆರೂವರೆ. ನೀವು ವಾಕಿಂಗ್‌ಗೆ ಅಂತ ಪಾರ್ಕಿಗೆ ಬಂದಿದ್ದೀರಿ. ಕುತ್ತಿಗೆಯಲ್ಲಿ ಕಾಲೇಜಿನ ಐಡಿ ಕಾರ್ಡ್, ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದ ಹುಡುಗಿಯೊಬ್ಬಳು ಹತ್ತಿರ ಬಂದು, “ಸರ್, ನನ್ನ ಪಿಜಿ ಥೀಸಿಸ್‌ಗೆ ಆರೋಗ್ಯವಾಗಿರೋರು ಬೇಕಾಗಿದ್ದಾರೆ. ಆರು ನಿಮಿಷ ನಡೀತೀರಾ?” ಅಂತ ಕೇಳ್ತಾಳೆ.

ನಮ್ಮಲ್ಲಿ ಹೆಚ್ಚಿನವರು “ಟೈಮ್ ಇಲ್ಲಮ್ಮ” ಅಂದು ಮುಂದೆ ಹೋಗ್ತೀವಿ. ಇನ್ನು ಕೆಲವರು ಏನೂ ಕೇಳದೆ ಕೊಟ್ಟ ಕಾಗದಕ್ಕೆ ಸಹಿ ಹಾಕ್ತೀವಿ. ಎರಡೂ ಸರಿಯಲ್ಲ. ಯಾಕೆ ಅನ್ನೋದು ಗೊತ್ತಾಗಬೇಕಾದ್ರೆ ಈ ಆರು ನಿಮಿಷದ ಲೆಕ್ಕ ಏನು ಅಂತ ಮೊದಲು ನೋಡೋಣ.

ಆರು ನಿಮಿಷದ ನಡಿಗೆ ಅಂದ್ರೆ ಏನು?

ಇದು ಆಸ್ಪತ್ರೆಗಳಲ್ಲಿ ಬಳಕೆಯಲ್ಲಿರೋ ಪರೀಕ್ಷೆ. ಹೃದಯ, ಶ್ವಾಸಕೋಶದ ತೊಂದರೆ ಇರೋರಿಗೆ, ಆಪರೇಷನ್ ಆಗಿ ಚೇತರಿಸ್ಕೊಳ್ತಿರೋರಿಗೆ ಇದನ್ನ ಮಾಡಿಸ್ತಾರೆ. ಅಮೆರಿಕದ ಥೊರಾಸಿಕ್ ಸೊಸೈಟಿ 2002ರಲ್ಲಿ ಇದಕ್ಕೆ ಮಾರ್ಗಸೂಚಿ ಬರೆದಿದೆ. 30 ಮೀಟರ್ ಉದ್ದದ ಸಮತಟ್ಟು ಜಾಗ, ಎರಡೂ ತುದಿಯಲ್ಲಿ ಒಂದೊಂದು ಗುರುತು. ಆರು ನಿಮಿಷದಲ್ಲಿ ಎಷ್ಟು ಸಾಧ್ಯವೋ ಅಷ್ಟು ದೂರ ನಡೀಬೇಕು, ಓಡಬಾರದು. ಸುಸ್ತಾದ್ರೆ ನಿಂತು ಸುಧಾರಿಸ್ಕೊಳ್ಳಬಹುದು, ಆದ್ರೆ ಗಡಿಯಾರ ನಿಲ್ಲಲ್ಲ. ಕೊನೆಗೆ ಎಷ್ಟು ಮೀಟರ್ ಆಯ್ತು ಅಂತ ಬರ್ಕೊಳ್ತಾರೆ.

ಉದಾಹರಣೆಗೆ ನಿಮ್ಮದು 450 ಮೀಟರ್ ಆಯ್ತು ಅನ್ಕೊಳ್ಳಿ. ಅದು ಜಾಸ್ತಿನೋ ಕಡಿಮೆನೋ? ಅದು ಗೊತ್ತಾಗೋಕೆ ನಿಮ್ಮ ವಯಸ್ಸು, ಎತ್ತರ, ತೂಕದ ಆರೋಗ್ಯವಂತರು ಎಷ್ಟು ನಡೀತಾರೆ ಅನ್ನೋ ಲೆಕ್ಕ ಬೇಕು. ತುಂಬ ಕಡೆ ಬಳಸಿರೋ ಸೂತ್ರ 1998ರದ್ದು, ಎನ್‌ರೈಟ್ ಮತ್ತು ಶೆರಿಲ್ ಅನ್ನೋ ಸಂಶೋಧಕರು ಅಮೆರಿಕದಲ್ಲಿ ಮಾಡಿದ್ದು. 40ರಿಂದ 80 ವಯಸ್ಸಿನ 117 ಗಂಡಸರು, 173 ಹೆಂಗಸರನ್ನ ನಡೆಸಿ ಅದನ್ನ ಕಟ್ಟಿದ್ರು. ಒಟ್ಟು 290 ಜನ, ಅಷ್ಟೇ.

ಆ ಸೂತ್ರದ ಪ್ರಕಾರ 60 ವರ್ಷ, 165 ಸೆಂಟಿಮೀಟರ್ ಎತ್ತರ, 65 ಕೆಜಿ ತೂಕದ ಗಂಡಸು ಸುಮಾರು 524 ಮೀಟರ್ ನಡೀಬೇಕು. ಆದ್ರೆ ಅಮೆರಿಕದ ಅರವತ್ತರ ದೇಹಕ್ಕೂ ಬನ್ನೇರುಘಟ್ಟ ರಸ್ತೆಯ ಅರವತ್ತರ ದೇಹಕ್ಕೂ ಒಂದೇ ಅಳತೆಗೋಲು ಹೊಂದುತ್ತಾ? ಊಟ ಬೇರೆ, ಮಾಡಿದ ಕೆಲಸ ಬೇರೆ, ಮೈಕಟ್ಟು ಬೇರೆ. ಅಳತೆಗೋಲು ತಪ್ಪಾದ್ರೆ ಆರೋಗ್ಯವಾಗಿರೋರಿಗೆ “ನಿಮ್ದು ಕಡಿಮೆ” ಅಂತ ಹೇಳೋ ಸಾಧ್ಯತೆ ಇದೆ, ತೊಂದರೆ ಇರೋರಿಗೆ “ಪರವಾಗಿಲ್ಲ” ಅನ್ನೋ ಸಾಧ್ಯತೆಯೂ ಇದೆ. ಭಾರತೀಯರಿಗೇ ಬೇರೆ ಸೂತ್ರ ಕಟ್ಟೋ ಕೆಲಸ ಇತ್ತೀಚಿನ ವರ್ಷಗಳಲ್ಲಿ ನಡೀತಿರೋದು ಇದಕ್ಕೇ.

ಜಿಮ್‌ನಲ್ಲಿ ಹೇಳೋ ‘220ರಲ್ಲಿ ನಿಮ್ಮ ವಯಸ್ಸು ಕಳೀರಿ’ ಅನ್ನೋ ಲೆಕ್ಕದ ಕತೆಯೂ ಹೀಗೇ. ಗರಿಷ್ಠ ಹೃದಯ ಬಡಿತದ ಈ ಸೂತ್ರ 1970ರ ದಶಕದ ಆರಂಭದ್ದು. 2001ರಲ್ಲಿ ತನಾಕಾ ಮತ್ತು ಸಂಗಡಿಗರು 351 ಅಧ್ಯಯನಗಳನ್ನ ಒಟ್ಟು ಸೇರಿಸಿ ನೋಡಿ, ವಯಸ್ಸನ್ನ 0.7ರಿಂದ ಗುಣಿಸಿ 208ರಲ್ಲಿ ಕಳೀಬೇಕು ಅಂದ್ರು. 40 ವಯಸ್ಸಿಗೆ ಎರಡರಲ್ಲೂ 180 ಬರುತ್ತೆ. 60ಕ್ಕೆ ಹಳೇದ್ರಲ್ಲಿ 160, ಹೊಸದ್ರಲ್ಲಿ 166. ಹೆಚ್ಚು ಜನರನ್ನ ಅಳೆದಾಗ ಲೆಕ್ಕ ಬದಲಾಗುತ್ತೆ.

ಈ ವಿದ್ಯಾರ್ಥಿಗಳು ಎಲ್ಲಿಂದ ಬರ್ತಾರೆ?

ಜಯನಗರ 4ನೇ ಟಿ ಬ್ಲಾಕ್‌ನಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಇದೆ. ಇದರಡಿ ಬರೋ ಫಿಸಿಯೋಥೆರಪಿ ಕಾಲೇಜುಗಳಲ್ಲಿ ಎಂಪಿಟಿ, ಅಂದ್ರೆ ಫಿಸಿಯೋಥೆರಪಿ ಸ್ನಾತಕೋತ್ತರ ಪದವಿ ಇದೆ. ಎರಡು ವರ್ಷದ ಕೋರ್ಸ್. ಮೂಳೆ-ಸ್ನಾಯು ಮತ್ತು ಕ್ರೀಡೆ ಅದರಲ್ಲಿ ಒಂದು ವಿಭಾಗ. ಪ್ರತಿ ವಿದ್ಯಾರ್ಥಿಯೂ ಒಂದು ಪ್ರಬಂಧ ಬರೀಲೇಬೇಕು. ಕೋರ್ಸ್ ಶುರುವಾದ ಆರು ತಿಂಗಳೊಳಗೆ ಏನನ್ನ, ಯಾಕೆ, ಹೇಗೆ, ಯಾರ ಮೇಲೆ ಅಧ್ಯಯನ ಮಾಡ್ತೀನಿ ಅಂತ ಸಿನಾಪ್ಸಿಸ್ ಕೊಡಬೇಕು.

ನೈಸ್ ರಸ್ತೆ ಹಿಡಿದು ಮೈಸೂರು ರಸ್ತೆ ಕಡೆ ಹೋದ್ರೆ ಜ್ಞಾನಭಾರತಿ. ಅಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ದೈಹಿಕ ಶಿಕ್ಷಣ ವಿಭಾಗದಲ್ಲಿ ಎಂಪಿಎಡ್ ಮತ್ತು ಪಿಎಚ್‌ಡಿ ಇದೆ. ಭಾರತೀಯ ಕ್ರೀಡಾ ಪ್ರಾಧಿಕಾರದ ನೇತಾಜಿ ಸುಭಾಷ್ ದಕ್ಷಿಣ ಕೇಂದ್ರವೂ ಆ ಕಡೆಯೇ. ಬೆಂಗಳೂರಿನ ಆಚೆ, ಮಣಿಪಾಲ್ ಕಾಲೇಜ್ ಆಫ್ ಹೆಲ್ತ್ ಪ್ರೊಫೆಷನ್ಸ್‌ನಲ್ಲಿ ವ್ಯಾಯಾಮ ಮತ್ತು ಕ್ರೀಡಾ ವಿಜ್ಞಾನಕ್ಕೇ ಪ್ರತ್ಯೇಕ ವಿಭಾಗ ಇದೆ.

ಎಲ್ಲರಿಗೂ ಒಂದೇ ತಲೆನೋವು: ಜನ ಸಿಗಲ್ಲ. ಟೈಮ್ ಕಡಿಮೆ, ದುಡ್ಡೂ ಕಡಿಮೆ. ಕೊನೆಗೆ ಹಾಸ್ಟೆಲ್ ಸ್ನೇಹಿತರನ್ನ, ಜೂನಿಯರ್‌ಗಳನ್ನೇ ಸೇರಿಸಿ ಅಳೀತಾರೆ. ಹಾಗಾದಾಗ ಥೀಸಿಸ್‌ನಲ್ಲಿರೋದು 22 ವರ್ಷದವರ ದೇಹದ ಲೆಕ್ಕ. ಗಾರ್ಮೆಂಟ್ಸ್‌ನಲ್ಲಿ ದಿನಪೂರ್ತಿ ನಿಲ್ಲೋ ಅಕ್ಕ, ಆಟೋ ಓಡಿಸೋ ಅಣ್ಣ, ರಿಟೈರ್ ಆದ ಮೇಷ್ಟ್ರು ಅದರಲ್ಲಿ ಇರೋದೇ ಇಲ್ಲ.

ಹೆಂಗಸರಂತೂ ಇನ್ನೂ ಕಡಿಮೆ. 2014ರಲ್ಲಿ ಬಂದ ಒಂದು ವಿಶ್ಲೇಷಣೆ, ಜಗತ್ತಿನ ಪ್ರಮುಖ ಕ್ರೀಡಾ ವೈದ್ಯಕೀಯ ಪತ್ರಿಕೆಗಳ 1,382 ಲೇಖನಗಳನ್ನ ನೋಡಿತು. ಭಾಗವಹಿಸಿದವರಲ್ಲಿ ಹೆಂಗಸರು ಶೇ 39 ಮಾತ್ರ. “ನಮ್ಮಂಥೋರನ್ನ ಅಳೆದು ಏನ್ ಮಾಡ್ತೀಯಮ್ಮ?” ಅಂತ ಕೇಳೋ ಗೃಹಿಣಿಯ ಅಳತೆಯೇ ಇಲ್ಲಿ ಎಲ್ಲಕ್ಕಿಂತ ಹೆಚ್ಚು ಬೇಕಾಗಿರೋದು.

ಒಪ್ಕೊಳ್ಳೋ ಮೊದಲು ಇಷ್ಟು ಕೇಳಿ

ಮನುಷ್ಯರ ಮೇಲೆ ನಡೆಯೋ ಆರೋಗ್ಯ ಸಂಶೋಧನೆಗೆ ಐಸಿಎಂಆರ್‌ನ 2017ರ ರಾಷ್ಟ್ರೀಯ ನೈತಿಕ ಮಾರ್ಗಸೂಚಿ ಇದೆ. ಅದರ ಪ್ರಕಾರ ಈ ಪ್ರಶ್ನೆಗಳನ್ನ ಕೇಳೋ ಹಕ್ಕು ನಿಮಗಿದೆ.

1. ಎಥಿಕ್ಸ್ ಕಮಿಟಿ ಒಪ್ಪಿಗೆ ಆಗಿದೆಯಾ? ಈ ಸಮಿತಿಯಲ್ಲಿ 7ರಿಂದ 15 ಜನ ಇರಬೇಕು. ವೈದ್ಯರ ಜೊತೆ ಕಾನೂನು ಬಲ್ಲವರು, ಸಮಾಜ ವಿಜ್ಞಾನಿ, ಒಬ್ಬ ಸಾಮಾನ್ಯ ನಾಗರಿಕರೂ ಇರ್ತಾರೆ. ಅಧ್ಯಕ್ಷರು ಆ ಸಂಸ್ಥೆಯ ಹೊರಗಿನವರಾಗಿರಬೇಕು. ಒಪ್ಪಿಗೆ ಪತ್ರ ತೋರಿಸಿ ಅಂದ್ರೆ ವಿದ್ಯಾರ್ಥಿ ತೋರಿಸಬೇಕು.

2. ಮಾಹಿತಿ ಪತ್ರ ಕನ್ನಡದಲ್ಲಿ ಇದೆಯಾ? ಏನ್ ಮಾಡ್ತಾರೆ, ಅಪಾಯ ಏನು, ಯಾರಿಗೆ ಫೋನ್ ಮಾಡಬೇಕು ಅನ್ನೋದೆಲ್ಲ ನಿಮಗೆ ಅರ್ಥವಾಗೋ ಭಾಷೆಯಲ್ಲಿ ಇರಬೇಕು. ಓದಿ ಮುಗಿಯೋತನಕ ಸಹಿ ಬೇಡ. ಒಂದು ಪ್ರತಿ ನಿಮ್ಮ ಹತ್ರ ಇಟ್ಕೊಳ್ಳಿ.

3. ಮಧ್ಯದಲ್ಲಿ ಬಿಡಬಹುದಾ? ಬಿಡಬಹುದು. ಕಾರಣ ಕೊಡಬೇಕಾಗಿಲ್ಲ.

4. ಪೆಟ್ಟಾದ್ರೆ? ಸಂಶೋಧನೆಯಿಂದ ತೊಂದರೆ ಆದ್ರೆ ಉಚಿತ ಚಿಕಿತ್ಸೆ, ಪರಿಹಾರ ಸಿಗಬೇಕು. ಪರೀಕ್ಷೆಗೆ ನಿಮ್ಮಿಂದ ದುಡ್ಡು ಕೇಳೋ ಹಾಗಿಲ್ಲ.

5. ನನ್ನ ಹೆಸರು ಎಲ್ಲಿ ಹೋಗುತ್ತೆ? ಥೀಸಿಸ್‌ನಲ್ಲಿ ನಿಮ್ಮ ಗುರುತು ಸಿಗೋ ಹಾಗೆ ಏನೂ ಇರಬಾರದು. ಆಧಾರ್, ಬ್ಯಾಂಕ್ ವಿವರ ಕೇಳಿದ್ರೆ ಅನುಮಾನ ಪಡಿ, ನಡಿಗೆ ಅಳೆಯೋಕೆ ಅದ್ಯಾವುದೂ ಬೇಡ.

ಶಾಲಾ ಮಕ್ಕಳಾದ್ರೆ ಅಪ್ಪ-ಅಮ್ಮನ ಸಹಿ ಕಡ್ಡಾಯ. ಏಳು ವರ್ಷ ಮೇಲ್ಪಟ್ಟ ಮಕ್ಕಳಾದ್ರೆ ಮಗುವನ್ನೂ ಕೇಳಬೇಕು. ‘ಸ್ಪೋರ್ಟ್ಸ್ ಟೆಸ್ಟ್ ಇದೆ’ ಅಂತ ಶಾಲೆಯಿಂದ ಚೀಟಿ ಬಂದ್ರೆ, ಅದು ಆಟದ ತರಗತಿಯೋ ಯಾರದ್ದಾದ್ರೂ ಸಂಶೋಧನೆಯೋ ಅಂತ ವಿಚಾರಿಸಿ.

ಪರೀಕ್ಷೆ ಸರಿಯಾಗಿ ನಡೀತಿದೆಯಾ?

ಇದನ್ನ ನೀವೇ ಗಮನಿಸಬಹುದು. ಆರು ನಿಮಿಷದ ನಡಿಗೆಗೆ ಮೊದಲು ಕನಿಷ್ಠ 10 ನಿಮಿಷ ಕುರ್ಚಿ ಮೇಲೆ ಕೂರಿಸಬೇಕು. ಅದಕ್ಕೂ ಮುಂಚಿನ ಎರಡು ಗಂಟೆಯಲ್ಲಿ ಜೋರಾದ ವ್ಯಾಯಾಮ ಮಾಡಿರಬಾರದು. ಅಂದ್ರೆ ನೀವು ಬಿರುಸಾಗಿ ನಾಲ್ಕು ಸುತ್ತು ಹಾಕಿ ಬೆವರು ಒರೆಸ್ಕೊಳ್ತಿರೋವಾಗ ಅಳೆದ್ರೆ ಆ ಲೆಕ್ಕ ಕೆಟ್ಟ ಹಾಗೇ. “ನಾಳೆ ವಾಕಿಂಗ್‌ಗೆ ಮೊದಲೇ ಬರ್ತೀನಮ್ಮ” ಅನ್ನಿ. ಒಳ್ಳೆ ವಿದ್ಯಾರ್ಥಿ ಖುಷಿ ಪಡ್ತಾಳೆ.

ಬಿಪಿ, ನಾಡಿ ನೋಡದೆ ಶುರು ಮಾಡೋಕೆ ಬಿಡಬೇಡಿ. ಕೂತಾಗಲೇ ನಾಡಿ 120 ದಾಟಿದ್ರೆ, ಬಿಪಿ 180/100 ಮೀರಿದ್ರೆ ಎಚ್ಚರ ವಹಿಸಿ ಅನ್ನುತ್ತೆ ಮಾರ್ಗಸೂಚಿ. ಕಳೆದ ಒಂದು ತಿಂಗಳಲ್ಲಿ ಹೃದಯಾಘಾತ ಆಗಿದ್ರೆ ಈ ಪರೀಕ್ಷೆ ಮಾಡೋ ಹಾಗೇ ಇಲ್ಲ. ಎದೆನೋವು, ತಲೆಸುತ್ತು, ತೀರಾ ಉಸಿರುಕಟ್ಟೋದು ಶುರುವಾದ್ರೆ ತಕ್ಷಣ ನಿಲ್ಲಿಸಿ.

ಆಮೇಲೆ ಏನಾಗುತ್ತೆ?

ಹೊಸ ವ್ಯಾಯಾಮ ಅಥವಾ ಚಿಕಿತ್ಸೆ ಕೊಟ್ಟು ಪರೀಕ್ಷಿಸೋ ಅಧ್ಯಯನವಾದ್ರೆ ಅದು ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ, ಅಂದ್ರೆ ಸಿಟಿಆರ್‌ಐನಲ್ಲಿ ಮೊದಲೇ ನೋಂದಣಿ ಆಗಿರಬೇಕು. 2007ರಿಂದ ಇರೋ ಈ ಪಟ್ಟಿಯನ್ನ ಯಾರು ಬೇಕಾದ್ರೂ ಮೊಬೈಲ್‌ನಲ್ಲಿ ಹುಡುಕಬಹುದು. ಪಿಎಚ್‌ಡಿ ಥೀಸಿಸ್‌ಗಳು ‘ಶೋಧಗಂಗಾ’ ತಾಣದಲ್ಲಿ ಉಚಿತವಾಗಿ ಓದೋಕೆ ಸಿಗುತ್ತೆ. ನಿಮ್ಮ ಅಳತೆಯ ಫಲಿತಾಂಶವನ್ನೂ ಕೇಳಿ ತಗೊಳ್ಳಿ. ಮುಂದೆ ಯಾವತ್ತಾದ್ರೂ ಡಾಕ್ಟರ್ ಹತ್ರ ಹೋದಾಗ, ಆರೋಗ್ಯವಾಗಿದ್ದಾಗ ಎಷ್ಟು ನಡೀತಿದ್ದೆ ಅನ್ನೋ ದಾಖಲೆ ಕೈಯಲ್ಲಿರುತ್ತೆ.

ಈ ಐದು ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕಿದ್ರೆ ದಯವಿಟ್ಟು ಇಲ್ಲ ಅನ್ನಬೇಡಿ. ಕಾಯೋದು, ಸಹಿ, ಬಿಪಿ ಎಲ್ಲ ಸೇರಿ ಹೆಚ್ಚಂದ್ರೆ ಅರ್ಧ ಗಂಟೆ. ನಾಳೆ ನಮ್ಮ ರಸ್ತೆಯ ಯಾರೋ ಆಪರೇಷನ್ ಮುಗಿಸಿ ಆಸ್ಪತ್ರೆ ಕಾರಿಡಾರ್‌ನಲ್ಲಿ ನಡೆಯೋವಾಗ, ಅವರನ್ನ ಹೋಲಿಸಿ ನೋಡೋಕೆ ನಮ್ಮೂರಿನವರ ಲೆಕ್ಕವೂ ಇರಲಿ.