ಪ್ರೊಪೆಲರಿನ ಓರೆ

1942ರಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಜೋಡಿಸಿದ ಕರ್ಟಿಸ್ ಹಾಕ್ ಎಂಬ ಕಾಳಗದ ವಿಮಾನವು ಹಾರಿತು. ಅದರ ಪ್ರೊಪೆಲರಿನ ಮೂರು ಅಲಗುಗಳೂ ತಿರುಗುತ್ತಿರುವಾಗಲೇ ಬುಡದಲ್ಲಿ ಹೊರಳಿ ತಮ್ಮ ಓರೆಯನ್ನು ಬದಲಿಸಿಕೊಳ್ಳುತ್ತಿದ್ದವು. ಇದರ ಅಗತ್ಯವೇನೆಂಬುದನ್ನು ನೋಡೋಣ.

ಮರದೊಳಕ್ಕೆ ತಿರುಪುಮೊಳೆಯು ಇಳಿಯುವಂತೆ ಅಲಗು ಗಾಳಿಯಲ್ಲಿ ಮುನ್ನುಗ್ಗುತ್ತದೆ. ನೆಲಬಿಟ್ಟೇಳುವಾಗ ವಿಮಾನದ ವೇಗ ಕಡಿಮೆ. ಆಗ ಓರೆ ಹೆಚ್ಚಾಗಿದ್ದರೆ ಅಲಗು ಗಾಳಿಯನ್ನು ಬರಿದೆ ಕಲಕುತ್ತದೆ, ಎಂಜಿನು ತನ್ನ ಪೂರ್ಣ ಸುತ್ತಿಗೆ ಏರದು. ಓರೆ ಕಡಿಮೆಯಾದರೋ, ವೇಗದ ಹಾರಾಟದಲ್ಲಿ ಎಂಜಿನು ಮಿತಿಮೀರಿ ತಿರುಗತೊಡಗುತ್ತದೆ. 1938ರ ಸ್ಪಿಟ್‌ಫೈರಿಗೆ ಇದ್ದುದು ಓರೆ ಬದಲಾಗದ ಎರಡಲಗಿನ ಮರದ ಪ್ರೊಪೆಲರು. ಬಳಿಕ ಬಂದುದಕ್ಕೆ ಎರಡೇ ಓರೆಗಳು. 1940ರ ಜೂನ್‌ನಿಂದ ಆಗಸ್ಟ್‌ವರೆಗೆ, ಶತ್ರು ಕಡಲಿನಾಚೆ ಕಾದಿರುವಾಗ, ಬ್ರಿಟನ್ನಿನ ಸಾವಿರಕ್ಕೂ ಮಿಕ್ಕಿದ ವಿಮಾನಗಳಿಗೆ ಎಂಜಿನಿನ ಸುತ್ತನ್ನು ಒಂದೇ ಸಮನಾಗಿರಿಸಿ ಓರೆಯನ್ನು ತಾನೇ ಹೊಂದಿಸುವ ಪ್ರೊಪೆಲರನ್ನು ಅಳವಡಿಸಿದರು. ಅವು ಮೊದಲಿಗಿಂತ ಬೇಗನೆ ಮೇಲೇರಿದವು. ಆಕಾಶದ ಕಾಳಗದಲ್ಲಿ ಮೇಲಿರುವವನಿಗೇ ಅನುಕೂಲವಷ್ಟೆ.

ಎಂಜಿನಿನ ಶಕ್ತಿ ಬೆಳೆದಂತೆ ಅಲಗನ್ನು ಉದ್ದವಾಗಿಸಬಾರದೇಕೆ? ಸುಮಾರು 11 ಅಡಿ ಅಡ್ಡಳತೆಯ ಪ್ರೊಪೆಲರು ನಿಮಿಷಕ್ಕೆ 1,430 ಸುತ್ತು ತಿರುಗಿದರೆ ತುದಿಯ ವೇಗ ಸೆಕೆಂಡಿಗೆ 820 ಅಡಿ. ವಿಮಾನವು ಗಂಟೆಗೆ 350 ಮೈಲಿ ಓಡುತ್ತಿದ್ದರೆ, ಆ ಮುನ್ನಡೆಯೂ ಕೂಡಿ ತುದಿಯ ವೇಗ 970 ಅಡಿಯನ್ನು ಮುಟ್ಟುತ್ತದೆ. 20,000 ಅಡಿ ಎತ್ತರದಲ್ಲಿ ಶಬ್ದದ ವೇಗವೇ ಸುಮಾರು 1,040 ಅಡಿ! ಅದರ ಸಮೀಪಕ್ಕೆ ಹೋದಷ್ಟೂ ಶಕ್ತಿ ವ್ಯರ್ಥ. ಆದುದರಿಂದಲೇ ಸ್ಪಿಟ್‌ಫೈರಿನ ಅಲಗುಗಳು ಮೂರರಿಂದ ನಾಲ್ಕಾಗಿ, ಕಡೆಗೆ ಐದಾದವು.