ಅಳಿದೂ ಉಳಿದ ಅತ್ತೂರು ಇಗರ್ಜಿ

ಕಾರ್ಕಳವೆಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು 1432ರಲ್ಲಿ ಸ್ಥಾಪನೆಗೊಂಡ ಗೊಮ್ಮಟ. ಆದರೆ ಪ್ರತಿ ವರ್ಷ ಜನವರಿಯಲ್ಲಿ ಕರಾವಳಿಯ ಜನ ಅಲ್ಲಿಗೆ ಹೊರಡುವುದು ಊರಿಗೆ ಸಮೀಪದ ಅತ್ತೂರಿನ ಸಂತ ಲಾರೆನ್ಸರ ಇಗರ್ಜಿಗಾಗಿ. ಈ ಹಬ್ಬಕ್ಕೆ ‘ಸಾಂತ್‌ಮಾರಿ’ ಎಂದೇ ಹೆಸರು. ಮೇಣದ ಬತ್ತಿ ಹಚ್ಚಿ ಹರಕೆ ಸಲ್ಲಿಸುವವರಲ್ಲಿ ಕ್ರೈಸ್ತರಲ್ಲದವರೂ ಬಹಳ ಮಂದಿ.

ಈ ಇಗರ್ಜಿಯ ಆರಂಭ 1759ರಲ್ಲಿ. ಕಾಲು ಶತಮಾನ ಕಳೆಯುವಷ್ಟರಲ್ಲಿ ಅದಕ್ಕೆ ಗಂಡಾಂತರ ಒದಗಿತು. ಎರಡನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು ಸುಲ್ತಾನ 1784ರಲ್ಲಿ ಕರಾವಳಿಯ ಸಾವಿರಾರು ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಘಟ್ಟ ಹತ್ತುವ ದಾರಿಯಲ್ಲಿಯೇ ಅನೇಕರು ಸತ್ತರು. ಹಲವು ಇಗರ್ಜಿಗಳು ನೆಲಸಮವಾದವು, ಅತ್ತೂರಿನದೂ ಉಳಿಯಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ, ಹದಿನೈದು ವರ್ಷಗಳ ಸೆರೆಯಿಂದ ಬದುಕುಳಿದವರು ಮರಳಿದರು. ಆಸ್ತಿಪಾಸ್ತಿ ಕಳೆದುಕೊಂಡಿದ್ದ ಆ ಜನ 1801ರಲ್ಲಿಯೇ ಹುಲ್ಲಿನ ಮಾಡಿನ ಇಗರ್ಜಿಯೊಂದನ್ನು ಕಟ್ಟಿಕೊಂಡರೆಂಬುದು ಗಮನಾರ್ಹ.

ಇಗರ್ಜಿ ಈಗಿರುವ ಜಾಗಕ್ಕೆ ಬಂದದ್ದು 1839ರಲ್ಲಿ. ಇದಕ್ಕೊಂದು ಐತಿಹ್ಯವಿದೆ. ಹೊಸ ನೆಲೆ ಹುಡುಕುತ್ತ ಹೊರಟ ಪಾದ್ರಿ ಮತ್ತು ಭಕ್ತರು, ಸಂತ ಲಾರೆನ್ಸರ ಪುಟ್ಟ ಮರದ ಪ್ರತಿಮೆಯನ್ನು ಒರತೆಯೊಂದರ ಬಳಿ ಇಳಿಸಿ ದಣಿವಾರಿಸಿಕೊಂಡರಂತೆ. ಮತ್ತೆ ಎತ್ತಹೋದರೆ ಅದು ಕದಲಲಿಲ್ಲ. ಇಲ್ಲಿಯೇ ಇಗರ್ಜಿ ಕಟ್ಟುತ್ತೇವೆಂದು ಮಾತು ಕೊಟ್ಟ ಮೇಲಷ್ಟೇ ಮೇಲೆದ್ದಿತಂತೆ. ದೇವರು ತನ್ನ ನೆಲೆಯನ್ನು ತಾನೇ ಆರಿಸಿಕೊಂಡ ಇಂಥ ಕಥೆ ತುಳುನಾಡಿನವರಿಗೆ ಹೊಸದಲ್ಲ. ಅನ್ಯಮತೀಯರಿಗೂ ಈ ಸಂತ ‘ನಮ್ಮೂರಿನವ’ ಎನಿಸಿದ್ದರಲ್ಲಿ ಈ ಕಥೆಯ ಪಾಲೂ ಇದ್ದೀತು.

ಸಂತನ ಚರಿತ್ರೆಯೂ ಇದಕ್ಕೆ ಒಪ್ಪುವಂಥದೇ. ರೋಮಿನ ಸಭೆಯ ಸೇವಕನಾಗಿದ್ದ ಲಾರೆನ್ಸ್ ಕ್ರಿ.ಶ. 258ರಲ್ಲಿ ಹುತಾತ್ಮನಾದ. ಸಭೆಯ ಸಂಪತ್ತನ್ನು ಒಪ್ಪಿಸೆಂದು ಅಧಿಕಾರಿಗಳು ಕೇಳಿದಾಗ, ಬಡವರನ್ನೂ ರೋಗಿಗಳನ್ನೂ ಮುಂದೆ ನಿಲ್ಲಿಸಿ, ಇವರೇ ಆ ಸಂಪತ್ತು ಎಂದನೆಂದು ಪರಂಪರೆ ಹೇಳುತ್ತದೆ. ಅವನ ಸ್ಮರಣೆಯ ದಿನ ಆಗಸ್ಟ್ 10. ಕರಾವಳಿಯಲ್ಲಿ ಆಗ ಮಳೆಗಾಲ. ಅತ್ತೂರಿನ ಜಾತ್ರೆ ಕೂಡುವುದು ಜನವರಿಯಲ್ಲಿ.

2016ರಲ್ಲಿ ಈ ಇಗರ್ಜಿಗೆ ಕಿರಿಯ ಬೆಸಿಲಿಕಾದ ಪದವಿ ದೊರೆಯಿತು. ಬೆಂಗಳೂರಿನ ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾ ಬಿಟ್ಟರೆ ಕರ್ನಾಟಕದಲ್ಲಿ ಈ ಗೌರವ ಪಡೆದದ್ದು ಇದೇ ಎರಡನೆಯದು. 1759ರ ಕಟ್ಟಡ ಇಂದಿಲ್ಲ, 1801ರ ಹುಲ್ಲಿನ ಮಾಡೂ ಇಲ್ಲ. ಸೆರೆಯಿಂದ ಮರಳಿದವರು ಮೊದಲು ಕಟ್ಟಿದ್ದೇನೆಂಬುದನ್ನು ನೆನೆದರೆ, ಅತ್ತೂರಿನಲ್ಲಿ ಉಳಿದು ಬಂದದ್ದು ಯಾವುದೆಂದು ತಿಳಿಯುತ್ತದೆ.